ಬೆಚ್ಚನೆಯ ಮನೆಯ ತಾಳೆಪಟ್ಟಿ

ಲೆಕ್ಕಪತ್ರಶಾಸ್ತ್ರವನ್ನು ಕಲಿಯಲು ಕುಳಿತ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಕೊಡುತ್ತಾರೆ. ತಾಳೆಪಟ್ಟಿಯ ಎರಡೂ ಬದಿಗಳ ಮೊತ್ತ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆಯೆಂದು ಭಾವಿಸಬಾರದು. ಒಂದು ಖಾತೆಯ ಖರ್ಚಿನ ಬದಿಯಲ್ಲಿ ನೂರು ರೂಪಾಯಿ ಕಡಿಮೆ ಬಿದ್ದು, ಬೇರೊಂದು ಖಾತೆಯ ಅದೇ ಬದಿಯಲ್ಲಿ ನೂರು ರೂಪಾಯಿ ಹೆಚ್ಚು ಬಿದ್ದರೆ ಒಟ್ಟು ಮೊತ್ತದಲ್ಲಿ ಯಾವ ವ್ಯತ್ಯಾಸವೂ ತೋರದು. ತಪ್ಪು ಎರಡಾಗಿರುತ್ತದೆ, ಆದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿಕೊಂಡು ನಿಂತಿರುತ್ತದೆ. ಇವನ್ನು ಸರಿದೂಗಿಸುವ ತಪ್ಪುಗಳೆಂದು ಕರೆಯುತ್ತಾರೆ. ಇವು ಎಲ್ಲ ತಪ್ಪುಗಳಿಗಿಂತ ಅಪಾಯಕಾರಿ, ಏಕೆಂದರೆ ಇವು ಯಾರ ಮನಸ್ಸಿನಲ್ಲಿಯೂ ಸಂಶಯವನ್ನು ಹುಟ್ಟಿಸುವುದಿಲ್ಲ.

ಈ ಪಾಠವನ್ನು ಶಿವಮೊಗ್ಗದ ಕಾಲೇಜೊಂದರಲ್ಲಿ ಓದಿ, ಇಪ್ಪತ್ತು ವರ್ಷಗಳಿಂದ ಲೆಕ್ಕಪತ್ರದ ವೃತ್ತಿಯಲ್ಲಿಯೇ ಇರುವ ಒಬ್ಬ ಗೃಹಸ್ಥರು ಅದನ್ನು ತಮ್ಮ ಮನೆಯ ಗೋಡೆಯೊಳಗೆ ಮತ್ತೊಮ್ಮೆ ಕಲಿಯಬೇಕಾಯಿತು. ಅವರು ಅಮೆರಿಕದ ಟೆನೆಸಿ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ಪತ್ನಿ ಮತ್ತು ಮಗಳೊಂದಿಗೆ ವಾಸವಾಗಿದ್ದಾರೆ. ಪ್ರಸಂಗ ನಡೆದದ್ದು 2024ರ ಕೊನೆಯಿಂದ 2025ರ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ. ಪ್ರಸಂಗದ ಕೇಂದ್ರದಲ್ಲಿರುವುದು ಮನೆಯನ್ನು ಬೆಚ್ಚಗಿಡುವ ಒಂದು ಯಂತ್ರ. ಆದರೆ ಯಂತ್ರದ ಕಥೆ ಅಲ್ಲಿಗೇ ನಿಲ್ಲಲಿಲ್ಲ.

ಟೆನೆಸಿ ನದೀಕಣಿವೆಯ ಮನೆಗಳಲ್ಲಿ ಹೀಟ್ ಪಂಪ್ ಎಂಬ ಯಂತ್ರ ಬಹಳ ಸಾಮಾನ್ಯ. 1933ರಲ್ಲಿ ಸ್ಥಾಪನೆಯಾದ ಟೆನೆಸಿ ವ್ಯಾಲಿ ಅಥಾರಿಟಿ ಎಂಬ ಸರಕಾರಿ ಸಂಸ್ಥೆ ನದಿಗಳಿಗೆ ಅಣೆಕಟ್ಟು ಕಟ್ಟಿ ಆ ಸೀಮೆಗೆ ವಿದ್ಯುತ್ತನ್ನು ತಂದಿತು. ಅಲ್ಲಿಯ ಚಳಿಯೂ ಉತ್ತರದ ರಾಜ್ಯಗಳಷ್ಟು ಉಗ್ರವಲ್ಲ. ಆದ್ದರಿಂದ ವಿದ್ಯುತ್ತಿನಿಂದಲೇ ಮನೆಯನ್ನು ಬಿಸಿಯಾಗಿಡುವ ಪದ್ಧತಿ ಅಲ್ಲಿ ಬೇರೂರಿದೆ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವ ಯಂತ್ರವಲ್ಲ, ಶಾಖವನ್ನು ಸಾಗಿಸುವ ಯಂತ್ರ. ನಮ್ಮ ಮನೆಗಳ ಫ್ರಿಜ್ಜು ತನ್ನ ಒಡಲಿನ ಶಾಖವನ್ನು ಹೀರಿ ಹಿಂಬದಿಯಿಂದ ಹೊರಗೆ ಚೆಲ್ಲುತ್ತದೆಯಲ್ಲವೆ? ಅದೇ ಕ್ರಮದಲ್ಲಿ ಈ ಯಂತ್ರವು ಮನೆಯ ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಅಲ್ಪಸ್ವಲ್ಪ ಶಾಖವನ್ನು ಹೀರಿ ಒಳಗೆ ತರುತ್ತದೆ. ಹೆಪ್ಪುಗಟ್ಟುವ ಚಳಿಯ ಗಾಳಿಯಲ್ಲಿಯೂ ಶಾಖವಿದೆಯೆಂಬುದು ಸಾಮಾನ್ಯರಿಗೆ ವಿಚಿತ್ರವಾಗಿ ತೋರಬಹುದು; ವಿಜ್ಞಾನಕ್ಕೆ ಅದು ಸಹಜ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಈ ತತ್ತ್ವದಿಂದ ಕಟ್ಟಡಗಳನ್ನು ಬೆಚ್ಚಗಾಗಿಸಬಹುದೆಂದು ಪ್ರತಿಪಾದಿಸಿದ್ದರು. 1938ರ ವೇಳೆಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವು ಪಕ್ಕದ ಲಿಮ್ಮಟ್ ನದಿಯ ನೀರಿನಿಂದ ಶಾಖವನ್ನು ಎತ್ತಿ ಬೆಚ್ಚಗಾಗತೊಡಗಿತ್ತು.

ಸಾಗಾಣಿಕೆಯ ಕೂಲಿ ವಸ್ತುವಿನ ಬೆಲೆಗಿಂತ ಕಡಿಮೆಯೆಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಯೂನಿಟ್ ವಿದ್ಯುತ್ತನ್ನು ಪಡೆದು ಈ ಯಂತ್ರವು ಹವಾಮಾನಕ್ಕೆ ತಕ್ಕಂತೆ ಎರಡು, ಮೂರು ಯೂನಿಟ್ಟುಗಳಷ್ಟು ಶಾಖವನ್ನು ಒಳಗೆ ತಂದು ಹಾಕುತ್ತದೆ. ಹೊರಗಿನ ಚಳಿ ಏರಿದಂತೆ ಇದರ ಸಾಮರ್ಥ್ಯ ಇಳಿಯುತ್ತದೆ. ಆಗ ಕೈಹಿಡಿಯಲೆಂದು ಒಳಗಿನ ಪೆಟ್ಟಿಗೆಯಲ್ಲಿ ಕಾಯುವ ತಂತಿಯ ಸುರುಳಿಗಳನ್ನು ಇಟ್ಟಿರುತ್ತಾರೆ. ಇದೇ ನೆರವಿನ ಶಾಖ. ನೀರು ಕಾಯಿಸುವ ಗೀಸರಿನ ಸುರುಳಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಇದು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖವನ್ನು ಕೊಡುತ್ತದೆ. ಪಂಪು ಸ್ವಂತ ದುಡಿಮೆಯಾದರೆ ನೆರವಿನ ಸುರುಳಿ ಕೈಗಡ. ಆಪತ್ಕಾಲದಲ್ಲಿ ಕೈಗಡ ದೋಷವಲ್ಲ. ಅದು ನಿತ್ಯದ ಜೀವನೋಪಾಯವಾದರೆ ಮನೆತನ ಉಳಿಯುವುದಿಲ್ಲ.

ಈ ನೆರವು ನ್ಯಾಯವಾಗಿ ಬೇಕಾಗುವ ಸಂದರ್ಭಗಳು ಮೂರು. ಹೊರಗಿನ ಚಳಿ ಪಂಪಿನ ಶಕ್ತಿಯನ್ನು ಮೀರಿದಾಗ ಮೊದಲನೆಯದು. ಹೊರಗಿನ ಯಂತ್ರದ ಮೇಲೆ ಕಟ್ಟಿದ ಹಿಮವನ್ನು ಕರಗಿಸಲು ಪಂಪು ಕೆಲವು ನಿಮಿಷಗಳ ಕಾಲ ಹಿಮ್ಮುಖವಾಗಿ ನಡೆದು, ಮನೆಯ ಶಾಖವನ್ನೇ ಹೊರಗೆ ಒಯ್ಯುವಾಗ ಎರಡನೆಯದು. ಮನೆಯವರು ಥರ್ಮೋಸ್ಟಾಟನ್ನು ಒಮ್ಮೆಗೇ ಹಲವು ಡಿಗ್ರಿ ಏರಿಸಿ ಬೇಗ ಬಿಸಿಯಾಗಲೆಂದು ಬಯಸಿದಾಗ ಮೂರನೆಯದು. ಈ ಮೂರೂ ಇಲ್ಲದ ವೇಳೆಯಲ್ಲಿ ಸುರುಳಿಗಳು ಉರಿಯುತ್ತಿದ್ದರೆ ಎಲ್ಲಿಯೋ ದೋಷವಿದೆಯೆಂದೇ ತಿಳಿಯಬೇಕು. ಆದರೆ ತಿಳಿಯುವುದು ಹೇಗೆ? ಪಂಪು ದುಡಿದರೂ ಮನೆ ಬೆಚ್ಚಗಿರುತ್ತದೆ, ಸುರುಳಿ ದುಡಿದರೂ ಮನೆ ಬೆಚ್ಚಗಿರುತ್ತದೆ. ಗೋಡೆಯ ಮೇಲಿನ ಅಂಕಿ ಇಪ್ಪತ್ತೊಂದು ಡಿಗ್ರಿ ಎಂದರೆ ಇಪ್ಪತ್ತೊಂದು ಡಿಗ್ರಿ. ತಾಳೆಪಟ್ಟಿ ಸರಿಹೊಂದಿರುತ್ತದೆ.

ಆ ವರ್ಷದ ನವೆಂಬರಿನಲ್ಲಿ ಗೃಹಸ್ಥರ ತಾಯಿ ಶಿವಮೊಗ್ಗದಿಂದ ಮಗನ ಮನೆಗೆ ಬಂದರು. ವಯಸ್ಸು ಎಪ್ಪತ್ತಾರು. ಪತಿಯ ಕಾಲದಲ್ಲಿ ಧಾನ್ಯದ ಅಂಗಡಿಯ ಕೈಬರಹದ ಲೆಕ್ಕವನ್ನು ಕಂಡವರು, ಈಗಲೂ ಮನೆಯ ಖರ್ಚಿನ ಪುಸ್ತಕವನ್ನು ಬಿಡದೆ ಬರೆಯುವವರು. ಮಹಡಿಯ ಮೇಲಿನ ಒಂದು ಕೋಣೆಯನ್ನು ಅವರಿಗಾಗಿ ಅಣಿಮಾಡಲಾಗಿತ್ತು. ಬಂದ ವಾರದಲ್ಲಿಯೇ ಅವರು ಮಗನಿಗೆ ಒಂದು ಮಾತು ಹೇಳಿದರು.

“ನನ್ನ ಕಿಟಕಿ ಕೆಳಗೆ ರಾತ್ರಿಯೆಲ್ಲ ತಟತಟ ನೀರು ಬೀಳೋ ಸದ್ದು ಕಣಪ್ಪಾ. ದಂಬೆ ಎಲ್ಲೋ ಸೋರ್ತಿದೆ, ನೋಡಿಸು.”

ಮಲೆನಾಡಿನಲ್ಲಿ ಸೂರಿನ ನೀರನ್ನು ಹಿಡಿದು ಸಾಗಿಸುವ ದೋಣಿಗೆ ದಂಬೆ ಎನ್ನುತ್ತಾರೆ. ಮಳೆಯ ಸೀಮೆಯಲ್ಲಿ ಬಾಳಿದವರಿಗೆ ಅದರ ಸದ್ದು ನಿದ್ದೆಯಲ್ಲಿಯೂ ಗುರುತು ಸಿಗುತ್ತದೆ. ಮಗ “ನೋಡಿಸೋಣ ಅಮ್ಮ” ಎಂದರು. ಶರತ್ಕಾಲದ ಎಲೆಗಳು ದೋಣಿಯಲ್ಲಿ ತುಂಬಿದ್ದವು. ಕೆಲಸದ ಒತ್ತಡದಲ್ಲಿ ಆ ಮಾತು ಹಾಗೆಯೇ ಹಿಂದೆ ಬಿತ್ತು.

ಜನವರಿಯ ಮೊದಲ ವಾರ ವಿದ್ಯುತ್ತಿನ ಬಿಲ್ಲು ಬಂದಿತು. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಖರ್ಚಾದದ್ದು 1480 ಯೂನಿಟ್. ಈ ಡಿಸೆಂಬರಿನಲ್ಲಿ 2760. ಮಗ ಊಟದ ಮೇಜಿನ ಬಳಿ ಬಿಲ್ಲನ್ನು ಹಿಡಿದುಕೊಂಡು ಪತ್ನಿಯೊಡನೆ, “ಹೋದ ವರ್ಷಕ್ಕೂ ಈ ವರ್ಷಕ್ಕೂ ಮನೆಯಲ್ಲಿ ಏನು ಬದಲಾಗಿದೆ, ಹೇಳು? ಅಮ್ಮ ಬಂದಿದ್ದಾರೆ, ಅಷ್ಟೇ. ಹಗಲೂ ರಾತ್ರಿ ಮೇಲಿನ ಕೋಣೆ ಬೆಚ್ಚಗಿರಬೇಕು, ಬಿಸಿನೀರು ಬೇಕು” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕಿಗನ ತರ್ಕವಿತ್ತು. ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಬದಲಾದ ಒಂದೇ ಅಂಶವನ್ನು ಕಾರಣವೆಂದು ನಮೂದಿಸುವುದು ಅವರ ವೃತ್ತಿಯ ಅಭ್ಯಾಸ. ಪತ್ನಿ ತಡೆದರು: “ಮೆಲ್ಲಗೆ ಮಾತಾಡಿ. ಅತ್ತೆಯವರಿಗೆ ಕೇಳಿಸುತ್ತೆ.” ಅಷ್ಟರಲ್ಲಿ ಅದು ಮೆಟ್ಟಿಲ ಮೇಲೆ ನಿಂತಿದ್ದವರಿಗೆ ಕೇಳಿಸಿಯೂ ಆಗಿತ್ತು.

ತಾಯಿ ಏನನ್ನೂ ಆಡಲಿಲ್ಲ. ಆ ರಾತ್ರಿಯಿಂದ ಮನೆಯವರೆಲ್ಲ ಮಲಗಿದ ಮೇಲೆ ಅವರು ಕೆಳಗಿಳಿದು ಬಂದು, ಮೊಮ್ಮಗಳು ಎಂದೋ ತೋರಿಸಿಕೊಟ್ಟಿದ್ದಂತೆ ಥರ್ಮೋಸ್ಟಾಟಿನ ಅಂಕಿಯನ್ನು ಇಳಿಸತೊಡಗಿದರು. ಅಲ್ಲಿಯ ಯಂತ್ರಗಳು ಫ್ಯಾರನ್‌ಹೀಟ್ ಲೆಕ್ಕದವು. ನಮ್ಮ ಲೆಕ್ಕಕ್ಕೆ ತಿರುಗಿಸಿ ಹೇಳುವುದಾದರೆ ಇಪ್ಪತ್ತೊಂದರಿಂದ ಹದಿನಾರು ಡಿಗ್ರಿಗೆ. ಎರಡು ಸ್ವೆಟರು, ಮೇಲೊಂದು ಶಾಲು, ಅದರ ಮೇಲೆ ಕಂಬಳಿ ಹೊದ್ದು ರಾತ್ರಿಯನ್ನು ಕಳೆಯುವರು. ಬೆಳಗಿನ ಜಾವ ಐದೂವರೆಗೆ, ಮಗ ಏಳುವುದರೊಳಗೆ, ಮತ್ತೆ ಇಪ್ಪತ್ತೊಂದಕ್ಕೆ ಏರಿಸಿ ಹೋಗುವರು. ತಾವು ಉಳಿಸಿಕೊಟ್ಟದ್ದು ಮಗನಿಗೆ ಗೊತ್ತಾಗದಿದ್ದರೂ ಸರಿ, ಉಳಿಯಬೇಕು ಎಂಬುದು ಅವರ ಇಂಗಿತ.

ಉಳಿಯಲಿಲ್ಲ. ಜನವರಿ ತಿಂಗಳ ಬಿಲ್ಲು 3310 ಯೂನಿಟ್ಟಿಗೆ ಏರಿತು.

ಸೌದೆಯ ಒಲೆಯಾಗಲಿ ಅನಿಲದ ಒಲೆಯಾಗಲಿ ಆರಿಸಿದಷ್ಟು ಹೊತ್ತು ಉಳಿತಾಯವೇ. ಹೀಟ್ ಪಂಪಿನ ನಡೆ ಬೇರೆ. ಅದು ನಿಧಾನವಾಗಿ, ಒಂದೇ ಹದದಲ್ಲಿ ದುಡಿಯುವ ಯಂತ್ರ. ರಾತ್ರಿ ಐದು ಡಿಗ್ರಿ ಇಳಿಸಿ ಬೆಳಿಗ್ಗೆ ಒಮ್ಮೆಗೇ ಐದು ಡಿಗ್ರಿ ಏರಿಸಿದರೆ, ಪಂಪಿನಿಂದ ಇಷ್ಟು ಬೇಗ ಆಗದೆಂದು ಥರ್ಮೋಸ್ಟಾಟ್ ನೆರವಿನ ಸುರುಳಿಗಳನ್ನು ಕರೆಯುತ್ತದೆ. ಪಂಪಿನಿಂದ ಅಗ್ಗವಾಗಿ ಬರಬಹುದಾಗಿದ್ದ ಶಾಖ ಬೆಳಗಿನ ಜಾವದಲ್ಲಿ ದುಬಾರಿಯಾಗಿ ಬರುತ್ತದೆ. ತಾಯಿ ಚಳಿಯಲ್ಲಿ ನಡುಗಿ ಗಳಿಸಿದ ಉಳಿತಾಯವನ್ನು ಬೆಳಗಿನ ಒಂದೆರಡು ಗಂಟೆಗಳು ತಿಂದುಹಾಕುತ್ತಿದ್ದವು. ತ್ಯಾಗಕ್ಕೂ ತಿಳಿವಳಿಕೆ ಬೇಕು. ಇಲ್ಲವಾದರೆ ಅದು ಯಾರಿಗಾಗಿ ನಡೆಯಿತೋ ಅವರ ಹೊರೆಯನ್ನೇ ಹೆಚ್ಚಿಸುತ್ತದೆ.

ಎರಡನೆಯ ಬಿಲ್ಲನ್ನು ಕಂಡ ಗೃಹಸ್ಥರು ದುರಸ್ತಿಯ ಸಂಸ್ಥೆಯೊಂದಕ್ಕೆ ಹೇಳಿಕಳುಹಿಸಿದರು. ಬಂದ ಯುವಕ ಮುಸ್ಸಂಜೆಯಲ್ಲಿ, ಅವಸರದಲ್ಲಿ ಬಂದ. ಹೊರಗಿನ ಯಂತ್ರಕ್ಕೆ ಮಾಪಕವನ್ನು ಜೋಡಿಸಿದ. ಒತ್ತಡ ಕಡಿಮೆಯಿತ್ತು, ಕಾಯಿಲಿನ ಮೇಲೆ ಹಿಮ ಕಾಣಿಸುತ್ತಿತ್ತು. ಶೀತಕ ಅನಿಲ ಕಡಿಮೆಯಾಗಿದೆ, ಯಂತ್ರಕ್ಕೆ ಒಂಬತ್ತು ವರ್ಷವಾಗಿದೆ, ಹೊಸದನ್ನು ಹಾಕಿಸುವುದೇ ಲೇಸೆಂದು ಹೇಳಿ ಹತ್ತು ಸಾವಿರ ಡಾಲರಿಗೆ ಮೀರಿದ ಅಂದಾಜುಪಟ್ಟಿಯನ್ನು ಕೊಟ್ಟು ಹೋದ. ಆತನನ್ನು ವಂಚಕನೆನ್ನಲಾಗದು. ಆತ ಕಂಡ ಎರಡು ಲಕ್ಷಣಗಳೂ ನಿಜವೇ. ಆದರೆ ಅವೇ ಎರಡು ಲಕ್ಷಣಗಳು ಇನ್ನೊಂದು ಕಾರಣದಿಂದಲೂ ಬರಬಹುದೆಂಬುದನ್ನು ಆತ ವಿಚಾರಿಸಲಿಲ್ಲ.

ಗೃಹಸ್ಥರಿಗೆ ಆ ಮೊತ್ತ ನುಂಗಲಾರದ ತುತ್ತಾಯಿತು. ನೆರವಿನ ಸುರುಳಿಯೇ ವಿದ್ಯುತ್ತನ್ನು ತಿನ್ನುತ್ತಿರಬೇಕೆಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು. ಫೆಬ್ರವರಿಯ ಒಂದು ರಾತ್ರಿ ಅವರು ಆ ಸುರುಳಿಗಳಿಗೆ ವಿದ್ಯುತ್ ಹರಿಯುವ ಬ್ರೇಕರನ್ನು ಕೆಳಕ್ಕೆ ಒತ್ತಿ ಮಲಗಿದರು. ಯಾರಿಗೂ ಹೇಳಲಿಲ್ಲ. ಮಲಗುವ ಮುನ್ನ ಅಂಕಿ ಇಪ್ಪತ್ತೊಂದೇ ಇತ್ತು.

ಆ ರಾತ್ರಿ ಹೊರಗಿನ ಉಷ್ಣಾಂಶ ಸೊನ್ನೆಗಿಂತ ಐದು ಡಿಗ್ರಿ ಕೆಳಗಿಳಿಯಿತು. ಬೆಳಗಿನ ಜಾವ ಕೆಮ್ಮಿನ ಸದ್ದು ಕೇಳಿ ಗೃಹಸ್ಥರು ಎದ್ದುಬಂದರು. ಹಜಾರದ ಕತ್ತಲಲ್ಲಿ ಥರ್ಮೋಸ್ಟಾಟಿನ ಮುಂದೆ ತಾಯಿ ನಿಂತಿದ್ದರು. ಶಾಲಿನೊಳಗಿನಿಂದ ಹೊರಬಂದ ಬೆರಳು ಮತ್ತೆ ಮತ್ತೆ ಅಂಕಿಯನ್ನು ಏರಿಸುತ್ತಿತ್ತು, ಬೆರಳು ನಡುಗುತ್ತಿತ್ತು. ಮನೆಯೊಳಗೆ ಹದಿಮೂರು ಡಿಗ್ರಿ.

“ಅಮ್ಮ, ಇಷ್ಟು ಹೊತ್ತಿಗೆ ಇಲ್ಲೇನು ಮಾಡ್ತಿದ್ದೀರಿ?”

“ಬೈಬೇಡಪ್ಪಾ. ದಿನಾ ರಾತ್ರಿ ನಾನೇ ಇಳಿಸಿ, ನೀವು ಏಳೋದ್ರೊಳಗೆ ಏರಿಸಿ ಇಡ್ತಿದ್ದೆ. ಇವತ್ತು ಏನೋ ಕೆಡಿಸಿಬಿಟ್ಟೆ ಅಂತ ಕಾಣುತ್ತೆ, ಎಷ್ಟು ಏರಿಸಿದರೂ ಬಿಸಿ ಬರ್ತಾ ಇಲ್ಲ.”

ಮಗ ಮಾತನಾಡಲಿಲ್ಲ. ಹೋಗಿ ಬ್ರೇಕರನ್ನು ಮೇಲಕ್ಕೆತ್ತಿದರು. ಕೆಲವು ನಿಮಿಷಗಳಲ್ಲಿ ಬಿಸಿಗಾಳಿ ಬಂದಿತು. ತಾವು ಮಾಡಿದ್ದನ್ನು ತಾಯಿ ತನ್ನ ತಪ್ಪೆಂದು ಹೊತ್ತುಕೊಂಡು ನಿಂತಿದ್ದರೆಂಬುದು ಅವರ ಮನಸ್ಸಿಗೆ ಆ ಹೊತ್ತಿನಲ್ಲಿ ಪೂರ್ತಿಯಾಗಿ ಇಳಿಯಿತು. ನೆರವಿನ ಶಾಖವನ್ನು ರಾತ್ರಿಯಿಡೀ ತಡೆದಿಡುವುದು ಚಳಿಯ ನಾಡಿನಲ್ಲಿ ಹುಡುಗಾಟದ ಪರೀಕ್ಷೆಯಲ್ಲ. ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯಬಹುದು. ವೃದ್ಧರ ದೇಹದ ಶಾಖ ಅರಿವಿಲ್ಲದೆ ಕುಸಿಯಬಹುದು. ದೋಷವನ್ನು ಹುಡುಕದೆ ಊರುಗೋಲನ್ನು ಕಿತ್ತುಕೊಂಡರೆ ಕುಂಟುವವನು ಬೀಳುತ್ತಾನೆಯೇ ಹೊರತು ಅವನ ಕಾಲು ಸರಿಯಾಗುವುದಿಲ್ಲ.

ಆ ದಿನ ಅವರು ರಜೆ ಹಾಕಿ, ಮಾಡಬೇಕಾದುದನ್ನು ಕ್ರಮವಾಗಿ ಮಾಡಲು ಕುಳಿತರು. ಇಂಥ ಯಂತ್ರವುಳ್ಳ ಮನೆಯಲ್ಲಿ ಬಂಧುಗಳು, ಮಕ್ಕಳು ನೆಲೆಸಿರುವ ಓದುಗರಿಗೆ ಆ ಕ್ರಮ ಉಪಯುಕ್ತವಾದೀತು.

ಮೊದಲು ಥರ್ಮೋಸ್ಟಾಟ್. ಅದರಲ್ಲಿ ನೆರವಿನ ಶಾಖವೆಂಬುದು ಒಂದು, ತುರ್ತಿನ ಶಾಖವೆಂಬುದು ಇನ್ನೊಂದು. ತುರ್ತಿನ ಗುಂಡಿಯನ್ನು ಒತ್ತಿದರೆ ಪಂಪು ಪೂರ್ತಿಯಾಗಿ ನಿಂತು ಸುರುಳಿಗಳೇ ಎಲ್ಲ ಭಾರವನ್ನೂ ಹೊರುತ್ತವೆ. ಪಂಪು ಕೆಟ್ಟಾಗ ಮಾತ್ರ ಬಳಸತಕ್ಕದ್ದು. ಮರೆತು ಅದೇ ಸ್ಥಿತಿಯಲ್ಲಿ ಚಳಿಗಾಲವನ್ನು ಕಳೆಯುವ ಮನೆಗಳೂ ಉಂಟು. ಇಲ್ಲಿ ಹಾಗಾಗಿರಲಿಲ್ಲ. ಆದರೆ ಅಂಕಿಯ ಪಕ್ಕದಲ್ಲಿ ನೆರವಿನ ಶಾಖ ನಡೆಯುತ್ತಿದೆಯೆಂದು ತೋರಿಸುವ ಚಿಕ್ಕ ಅಕ್ಷರಗಳು ಬೆಳಗುತ್ತಿದ್ದವು. ಎರಡು ತಿಂಗಳಿಂದ ಅವನ್ನು ಎಲ್ಲರೂ ನೋಡಿದ್ದರು, ಯಾರೂ ಓದಿರಲಿಲ್ಲ.

ಎರಡನೆಯದು ಆ ಉಪಕರಣವು ತಾನಾಗಿ ಬರೆದಿಟ್ಟಿದ್ದ ದಿನಚರಿ. ಪಂಪು ಎಷ್ಟು ನಿಮಿಷ ನಡೆಯಿತು, ಸುರುಳಿ ಎಷ್ಟು ನಿಮಿಷ ಉರಿಯಿತು, ಹೊರಗೆ ಎಷ್ಟು ಚಳಿಯಿತ್ತು ಎಂಬ ಮೂರೂ ಅದರಲ್ಲಿದ್ದವು. ಹಿಂದಿನ ವಾರದಲ್ಲಿ ನೆರವಿನ ಸುರುಳಿ ಉರಿದದ್ದು ನಲವತ್ತೊಂದು ಗಂಟೆ. ಆ ಮನೆಯ ಸುರುಳಿ ಹತ್ತು ಕಿಲೋವ್ಯಾಟಿನದು. ಅಂದರೆ ಒಂದೇ ವಾರಕ್ಕೆ 410 ಯೂನಿಟ್. ಬೆಳಗಿನ ಆರರಿಂದ ಎಂಟರವರೆಗಿನ ಉರಿಗೆ ಕಾರಣ ಈಗ ತಿಳಿದಿತ್ತು. ಆದರೆ ಅದು ಒಟ್ಟಿನಲ್ಲಿ ಮೂರನೆಯ ಒಂದು ಪಾಲೂ ಆಗಿರಲಿಲ್ಲ. ಮಧ್ಯಾಹ್ನ, ಹೊರಗೆ ಏಳು ಡಿಗ್ರಿಯ ಸೌಮ್ಯ ಹವೆಯಿದ್ದಾಗ, ಯಾರೂ ಅಂಕಿಯನ್ನು ಮುಟ್ಟದಿದ್ದಾಗ, ಸುರುಳಿ ಉರಿದದ್ದೇಕೆ? ಮೇಲಾಗಿ ತಾಯಿ ಅಂಕಿಯನ್ನು ಮುಟ್ಟದಿದ್ದ ಡಿಸೆಂಬರಿನಲ್ಲಿಯೂ ಅದು ಹೀಗೆಯೇ ಉರಿದಿತ್ತು. ಊಟದ ಮೇಜಿನ ಬಳಿ ಆಡಿದ ತರ್ಕ ಈ ಒಂದು ಪುಟದಲ್ಲಿ ಕುಸಿದುಬಿದ್ದಿತು.

ಮೂರನೆಯದು ಗಾಳಿಯ ಫಿಲ್ಟರು. ಅದು ಬೂದುಬಣ್ಣಕ್ಕೆ ತಿರುಗಿತ್ತು, ಬದಲಾಯಿಸಿದರು. ಗಾಳಿ ಸರಾಗವಾಯಿತು, ಆದರೆ ಲೆಕ್ಕ ಬದಲಾಗಲಿಲ್ಲ.

ನಾಲ್ಕನೆಯದು ಹೊರಗಿನ ಯಂತ್ರ. ಮುಂಬದಿಯಿಂದ ನೋಡಿದರೆ ತೆಳುವಾದ ಬಿಳಿಯ ಹಿಮ. ಚಳಿಯಲ್ಲಿ ಅದು ಸಹಜ, ಯಂತ್ರವೇ ಆಗಾಗ ಕರಗಿಸಿಕೊಳ್ಳುತ್ತದೆ. ಗೋಡೆಯ ಕಡೆಗಿನ ಹಿಂಬದಿಗೆ ಬಗ್ಗಿ ನೋಡಿದಾಗ ಗಾಜಿನಂತಹ ಗಟ್ಟಿಮಂಜಿನ ಹಲಗೆಯೇ ಕಾಯಿಲನ್ನು ತಳದಿಂದ ಮುಚ್ಚಿಕೊಂಡಿತ್ತು. ಅದರ ನೇರ ಮೇಲೆ ಎಲೆ ತುಂಬಿದ ದಂಬೆ. ಅದರ ಸಂದಿನಿಂದ ಹನಿ ಹನಿಯಾಗಿ ಬೀಳುತ್ತಿದ್ದ ನೀರು. ಅದರ ಮೇಲೆ ತಾಯಿಯ ಕೋಣೆಯ ಕಿಟಕಿ. ನವೆಂಬರಿನಲ್ಲಿ ಕೇಳಿ ಮರೆತ ಮಾತು ಅಲ್ಲಿ ಮಂಜಾಗಿ ನಿಂತಿತ್ತು.

ಈ ಬಾರಿ ಕರೆಸಿದ್ದು ಬೇರೊಬ್ಬ ಹಿರಿಯ ಕುಶಲಕರ್ಮಿಯನ್ನು. ಶೀತಕ ಅನಿಲದ ಕೊಳವೆಗಳಿಗೆ ಕೈಹಾಕಲು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ ಅರ್ಹತಾಪತ್ರವಿರಬೇಕು, ಮನೆಯವರು ಮುಟ್ಟುವಂತಿಲ್ಲ. ಆತ ಬಂದು ಮಾಪಕವನ್ನು ಹೊರತೆಗೆಯಲೇ ಇಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದ: ಯಾವಾಗ ಶುರುವಾಯಿತು, ಹಿಮ ಕರಗುವಾಗ ಯಂತ್ರದಿಂದ ಹಬೆ ಏಳುವುದನ್ನು ಯಾರಾದರೂ ಕಂಡಿದ್ದಾರೆಯೆ? ಯಾರೂ ಕಂಡಿರಲಿಲ್ಲ. ಬಳಿಕ ನೆರವಿನ ಸುರುಳಿಯನ್ನು ಹಗಲಿನ ಸೌಮ್ಯ ಹವೆಯಲ್ಲಿ ಅರ್ಧ ಗಂಟೆಯ ಮಟ್ಟಿಗೆ ಮಾತ್ರ ನಿಲ್ಲಿಸಿ, ಪಂಪಿನ ಸ್ವಂತ ದುಡಿಮೆಯನ್ನು ಅಳೆದ. ಮನೆಯಿಂದ ಯಂತ್ರಕ್ಕೆ ಹೋಗುವ ಗಾಳಿ ಇಪ್ಪತ್ತು ಡಿಗ್ರಿ, ಯಂತ್ರದಿಂದ ಮರಳುವ ಗಾಳಿ ಇಪ್ಪತ್ಮೂರು. ಮೂರೇ ಡಿಗ್ರಿಯ ಗಳಿಕೆ!

ಮಂಜನ್ನು ಉಳಿಯಿಂದ ಕೆತ್ತಬಾರದೆಂದು ಆತ ಎಚ್ಚರಿಸಿದ. ಒಳಗಿನ ಸಣ್ಣ ಕೊಳವೆ ತೂತಾದರೆ ಯಂತ್ರವೇ ಹೋದಂತೆ. ಯಂತ್ರವನ್ನು ಕೈಯಾರೆ ಹಿಮ ಕರಗಿಸುವ ಸ್ಥಿತಿಗೆ ತಂದು, ಉಗುರುಬೆಚ್ಚಗಿನ ನೀರನ್ನೂ ಹೊಯ್ದು ಪೂರ್ತಿ ಕರಗಿಸಿದ. ಆಮೇಲೆ ಮಾಪಕವನ್ನು ಜೋಡಿಸಿದ. ಒತ್ತಡ ಸರಿಯಾಗಿತ್ತು. ಅನಿಲ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಮಂಜು ಮುಚ್ಚಿದ ಕಾಯಿಲು ಶಾಖವನ್ನು ಹೀರಲಾರದೆ ಒತ್ತಡ ಇಳಿದಿತ್ತು, ಅಷ್ಟೆ. ಮುಚ್ಚಿದ ಕೊಳವೆಯೊಳಗಿನ ಅನಿಲ ಎಣ್ಣೆಯಂತೆ ಉರಿದು ಖರ್ಚಾಗುವುದಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿರಬೇಕು. ಸೋರಿಕೆಯನ್ನು ಹುಡುಕದೆ ಅನಿಲ ತುಂಬುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಕೊನೆಗೆ ಕಾಯಿಲಿನ ಕೊಳವೆಗೆ ಅಂಟಿಕೊಂಡಿರಬೇಕಾದ ಒಂದು ಪುಟ್ಟ ಉಷ್ಣಸಂವೇದಕವು ತನ್ನ ಹಿಡಿಕೆಯಿಂದ ಕಳಚಿ ಗಾಳಿಯಲ್ಲಿ ತೂಗುತ್ತಿರುವುದು ಕಂಡಿತು. ಕಾಯಿಲು ಹೆಪ್ಪುಗಟ್ಟಿದೆಯೆಂದು ಯಂತ್ರಕ್ಕೆ ತಿಳಿಸಬೇಕಾದದ್ದು ಅದೇ. ಅದು ಹೊರಗಿನ ಗಾಳಿಯನ್ನು ಅಳೆದು, ಎಲ್ಲವೂ ಕ್ಷೇಮವೆಂದು ವರದಿ ಮಾಡುತ್ತಿತ್ತು. ವರದಿಯನ್ನು ನಂಬಿದ ಯಂತ್ರ ಹಿಮವನ್ನು ಕರಗಿಸಲಿಲ್ಲ, ದಂಬೆಯ ನೀರು ಹಿಮವನ್ನು ಮಂಜುಗಡ್ಡೆಯಾಗಿಸಿತು, ಪಂಪು ಸೋತಿತು, ಸುರುಳಿ ಆ ಸೋಲನ್ನು ಮೌನವಾಗಿ ತುಂಬಿಕೊಟ್ಟಿತು. ಆತ ಹೊಸ ಸಂವೇದಕವನ್ನು ಭದ್ರವಾಗಿ ಕೂರಿಸಿದ. ಅದರ ಬೆಲೆಯೂ ಆತನ ಕೂಲಿಯೂ ಸೇರಿ, ಹೊಸ ಯಂತ್ರದ ಅಂದಾಜಿನ ಐವತ್ತನೆಯ ಒಂದು ಭಾಗದೊಳಗೆ ಮುಗಿಯಿತು. ಮತ್ತೆ ಅಳೆದಾಗ ಇಪ್ಪತ್ತು ಡಿಗ್ರಿಯಲ್ಲಿ ಹೋದ ಗಾಳಿ ಮೂವತ್ತಮೂರರಲ್ಲಿ ಮರಳಿ ಬರುತ್ತಿತ್ತು. ದೇಹದ ಬಿಸಿಗಿಂತ ಅದು ಕಡಿಮೆಯಾದ್ದರಿಂದ ಅಂಗೈಗೆ ತಣ್ಣಗೆ ತೋರಬಹುದು, ಅದರಿಂದ ಗಾಬರಿಯಾಗಿ ಅಂಕಿಯನ್ನು ಏರಿಸಬೇಡಿರೆಂದು ಆತ ಬುದ್ಧಿ ಹೇಳಿದ. ಹೊರಗಿನ ಹವೆ ಸೌಮ್ಯವಾಗಿರುವಾಗ ಸುರುಳಿ ಎಚ್ಚರಗೊಳ್ಳದಂತೆ ಥರ್ಮೋಸ್ಟಾಟಿನಲ್ಲಿ ಒಂದು ಮಿತಿಯನ್ನೂ ಕಟ್ಟಿ, ಹಗಲೂ ರಾತ್ರಿ ಅಂಕಿಯನ್ನು ಒಂದೇ ಕಡೆ ಬಿಡಲು ತಿಳಿಸಿ ಹೋದ. ದಂಬೆಯ ಎಲೆಗಳನ್ನು ಗೃಹಸ್ಥರು ಅಂದೇ ಸಂಜೆ ಏಣಿ ಹಾಕಿ ತಾವೇ ತೆಗೆದು, ಸೋರುತ್ತಿದ್ದ ಸಂದನ್ನು ಮುಚ್ಚಿದರು.

ದುರಸ್ತಿಯ ನಂತರದ ವಾರದಲ್ಲಿ ನೆರವಿನ ಸುರುಳಿ ಉರಿದದ್ದು ಮೂರು ಗಂಟೆ ಹದಿನೈದು ನಿಮಿಷ. ಮನೆಯೊಳಗಿನ ಅಂಕಿ ಆಗಲೂ ಇಪ್ಪತ್ತೊಂದು, ಈಗಲೂ ಇಪ್ಪತ್ತೊಂದು.

ಇದು ಒಂದು ಮನೆಯ ಬಿಲ್ಲಿನ ವಿಷಯವೆಂದು ಮುಗಿಸುವಂತೆಯೂ ಇಲ್ಲ. 2022ರ ಡಿಸೆಂಬರ್ 23 ಮತ್ತು 24ರಂದು ಟೆನೆಸಿ ಕಣಿವೆಯ ಮೇಲೆ ಭೀಕರ ಶೀತಮಾರುತ ಬೀಸಿತು. ಆ ಚಳಿಗೆ ಕೆಲವು ಕಲ್ಲಿದ್ದಲು ಮತ್ತು ಅನಿಲದ ವಿದ್ಯುತ್ ಸ್ಥಾವರಗಳು ನಿಂತವು. ಅದೇ ಹೊತ್ತಿನಲ್ಲಿ ಮನೆಮನೆಯ ಬೇಡಿಕೆ ಮುಗಿಲಿಗೇರಿತು. ಟೆನೆಸಿ ವ್ಯಾಲಿ ಅಥಾರಿಟಿ ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಸರದಿಯ ಮೇಲೆ ವಿದ್ಯುತ್ತನ್ನು ಕಡಿತಗೊಳಿಸಬೇಕಾಯಿತು. ಹತ್ತು ಕಿಲೋವ್ಯಾಟಿನ ಸುರುಳಿಗಳು ನೂರು ಮನೆಗಳಲ್ಲಿ ಒಂದೇ ಮುಂಜಾವದಲ್ಲಿ ಹೊತ್ತಿಕೊಂಡರೆ ಒಂದು ಮೆಗಾವ್ಯಾಟ್ ಆಗುತ್ತದೆ. ಅಂಥ ಉಗ್ರ ಚಳಿಯಲ್ಲಿ ನೆರವಿನ ಶಾಖ ಎಲ್ಲರಿಗೂ ನ್ಯಾಯವಾಗಿಯೇ ಬೇಕು. ಆದರೆ ಎಲೆ ತುಂಬಿದ ದಂಬೆಗಾಗಿ, ಬದಲಾಯಿಸದ ಫಿಲ್ಟರಿಗಾಗಿ, ಓದದ ಚಿಕ್ಕ ಅಕ್ಷರಗಳಿಗಾಗಿ ಸಾರ್ವಜನಿಕ ಭಂಡಾರದಿಂದ ಸೆಳೆದ ಪ್ರತಿಯೊಂದು ಯೂನಿಟ್ಟೂ ಆ ದಿನ ಕತ್ತಲಲ್ಲಿ ಕುಳಿತ ಯಾವುದೋ ಮನೆಯ ಪಾಲಿನದು. ಬಿಲ್ಲನ್ನು ಕಟ್ಟಲು ಶಕ್ತಿಯಿದೆಯೆಂಬುದು ದೋಷವನ್ನು ಹಾಗೆಯೇ ಇಟ್ಟುಕೊಳ್ಳಲು ಕೊಟ್ಟ ಅನುಮತಿಪತ್ರವಲ್ಲ.

ಉಳಿದದ್ದು ಇನ್ನೊಂದು ಲೆಕ್ಕ. ವ್ಯಾಪಾರದ ಪುಸ್ತಕಗಳಲ್ಲಿ ತಪ್ಪು ಬರೆದಾಗ ಅದನ್ನು ಅಳಿಸುವ ಪದ್ಧತಿಯಿಲ್ಲ. ಕೆರೆದು ಅಳಿಸಿದ ಪುಟವನ್ನು ಯಾವ ಪರಿಶೋಧಕನೂ ನಂಬುವುದಿಲ್ಲ. ತಪ್ಪನ್ನು ತಪ್ಪೆಂದು ವಿವರಣೆಯೊಂದಿಗೆ ಬರೆದು, ಎದುರಿಗೆ ಇನ್ನೊಂದು ನಮೂದನ್ನು ಹಾಕಬೇಕು. ತಾಯಿಯ ಹೆಸರಿನ ಖಾತೆಗೆ ಬರೆದಿದ್ದ ಆ ಖರ್ಚನ್ನು, ಏನೂ ಆಗದವರಂತೆ ಮೌನವಾಗಿ ಮರೆತುಬಿಡುವುದು ಮಗನಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮರುದಿನ ರಾತ್ರಿ ಅದೇ ಊಟದ ಮೇಜಿನ ಬಳಿ, ಪತ್ನಿಯೂ ಮಗಳೂ ಇರುವಾಗಲೇ ಹೇಳಿದರು: “ಅಮ್ಮ, ಬಿಲ್ಲು ಹೆಚ್ಚಿದ್ದು ನಿಮ್ಮಿಂದ ಅಂತ ನಾನು ಹೇಳಿದ್ದು ತಪ್ಪು. ನೀವು ದಂಬೆ ನೋಡಿಸು ಅಂದಿದ್ದಿರಿ, ನಾನು ನೋಡಿಸಲಿಲ್ಲ. ಮೊನ್ನೆ ರಾತ್ರಿ ಮನೆ ತಣ್ಣಗಾಗಿದ್ದೂ ನಿಮ್ಮಿಂದಲ್ಲ, ಬ್ರೇಕರ್ ಇಳಿಸಿದ್ದು ನಾನು.”

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಿರಲಿ, ಮಜ್ಜಿಗೆ ಹಾಕಲಾ?” ಎಂದರು.

ಏಪ್ರಿಲಿನಲ್ಲಿ ಅವರು ಊರಿಗೆ ಮರಳುವವರೆಗೂ ಖರ್ಚಿನ ಪುಸ್ತಕದ ಕೊನೆಯ ಪುಟಗಳಲ್ಲಿ ದಿನಕ್ಕೊಂದು ಸಾಲು ಬರೆಯುತ್ತಿದ್ದರು. ಮೊಮ್ಮಗಳು ಥರ್ಮೋಸ್ಟಾಟಿನ ದಿನಚರಿಯನ್ನು ಓದಿ ಹೇಳುವಳು, ಅಜ್ಜಿ ಬರೆಯುವರು. ಎರಡು ಕಂಬಗಳು: ಒಂದರ ತಲೆಯಲ್ಲಿ “ಪಂಪು”, ಇನ್ನೊಂದರ ತಲೆಯಲ್ಲಿ “ನೆರವು”. ಆ ಪುಸ್ತಕ ಈಗ ಶಿವಮೊಗ್ಗದಲ್ಲಿದೆ. ನಾಕ್ಸ್‌ವಿಲ್ಲಿನ ಮನೆಯಲ್ಲಿ ಮಗ ಹೊಸದೊಂದನ್ನು ತಂದು, ಅವೇ ಎರಡು ಕಂಬಗಳನ್ನು ಎಳೆದುಕೊಂಡಿದ್ದಾರೆ.